ಮಾವನ ಎದುರು ಕೂತವಳು

ಬೊಂಬೆ ಕೂತಿತ್ತು. ಹೆಂಗಸರು ನಿಂತಿದ್ದರು.

ತಮಿಳುನಾಡಿನ ಚಿನ್ನಮನೂರು ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ನಡೆದರೆ ಮೂಕಯ್ಯನ ಜವಳಿ ಅಂಗಡಿ. ಮೂರು ಮಹಡಿ. ಮುಂದೆಲ್ಲ ಗಾಜು. ಒಳಗೆ ಹದಿನಾಲ್ಕು ಹೆಂಗಸರು, ಎಂಟು ಸ್ಟೂಲು. ಎಂಟು ಸ್ಟೂಲಿನ ಮೇಲೂ ಒಂದೊಂದು ಮಗು ಬೊಂಬೆ. ಲಂಗ ರವಿಕೆ ತೊಟ್ಟ ಬೊಂಬೆ, ಪಂಚೆ ಉಟ್ಟ ಬೊಂಬೆ, ಹುಟ್ಟುಹಬ್ಬದ ಫ್ರಾಕು ಹಾಕಿದ ಬೊಂಬೆ. ಬೆಳಿಗ್ಗೆ ಒಂಬತ್ತಕ್ಕೆ ಶಟರು ಎತ್ತಿದಾಗಿನಿಂದ ರಾತ್ರಿ ಒಂಬತ್ತಕ್ಕೆ ಎಳೆಯುವವರೆಗೆ ಆ ಪ್ಲಾಸ್ಟಿಕ್ ಮಕ್ಕಳು ಕಾಲು ಚಾಚಿಕೊಂಡು ಆರಾಮವಾಗಿ ಕೂತಿರುತ್ತಿದ್ದವು. ರಕ್ತಮಾಂಸದವರು ಅವುಗಳ ಪಕ್ಕದಲ್ಲಿ ನಿಂತಿರುತ್ತಿದ್ದರು.

ಸ್ಟೂಲು ಬಂದದ್ದು ಕಾನೂನಿನಿಂದ. ಅಂಗಡಿಯಲ್ಲಿ ದುಡಿಯುವವರಿಗೆ ಕೂರಲು ಆಸನ ಇರಲೇಬೇಕು, ಇಡೀ ದಿನ ನಿಲ್ಲಿಸಬಾರದು ಎಂದು ತಮಿಳುನಾಡು ಸರ್ಕಾರ ಕೆಲವು ವರ್ಷಗಳ ಹಿಂದೆ ಕಾನೂನು ಮಾಡಿತು. ಪುಕ್ಕಟೆ ಮಾಡಲಿಲ್ಲ. ಕೆಲಸಗಾರರ ಸಂಘದವರು ವರ್ಷಗಟ್ಟಲೆ ಬೀದಿಯಲ್ಲಿ ಗಂಟಲು ಹರಿದುಕೊಂಡ ಮೇಲೆ ಮಾಡಿತು. ಮೂಕಯ್ಯ ಕಾನೂನಿಗೆ ಹೆದರುವ ಮನುಷ್ಯ. ಸ್ಟೂಲು ಇರಬೇಕು ಅಂದರು, ತರಿಸಿದ. ಅದರ ಮೇಲೆ ಯಾರು ಕೂರಬೇಕು ಎಂಬುದನ್ನು ತಾನೇ ತೀರ್ಮಾನಿಸಿದ. ಬುದ್ಧಿವಂತಿಕೆ ಅಂದರೆ ಇದು ನೋಡಿ!

ಮಣಿಮೇಗಲೈಗೆ ಮೂವತ್ತೊಂಬತ್ತು. ಎಲ್ಲರಿಗೂ ಮಣಿ. ಮೊದಲ ಮಹಡಿಯ ಸೀರೆ ವಿಭಾಗದಲ್ಲಿ ಏಳು ವರ್ಷದಿಂದ ನಿಂತವಳು. ಗಿರಾಕಿ ಬಂದರೆ ಸೀರೆ ಬಿಚ್ಚಬೇಕು, ಹೆಗಲ ಮೇಲೆ ಹಾಕಿಕೊಂಡು ತೋರಿಸಬೇಕು, ಹೋದ ಮೇಲೆ ಮಡಿಸಬೇಕು. ಗಿರಾಕಿ ಇಲ್ಲದಾಗ ನಿಲ್ಲಬೇಕು. ಕಪಾಟಿಗೆ ಒರಗಬಾರದು. ಒಂದು ಕಾಲಿನ ಮೇಲೆ ಭಾರ ಬಿಟ್ಟು ಇನ್ನೊಂದನ್ನು ಸಡಿಲಿಸಬಾರದು, ಅದು ಸೋಮಾರಿತನ. ಮೂಲೆಮೂಲೆಯಲ್ಲೂ ಕ್ಯಾಮೆರಾ. ಕೆಳಗೆ ಕೂತು ಕ್ಯಾಮೆರಾ ನೋಡಲು ಸೂಪರ್‌ವೈಸರ್ ತಮಿಳ್‌ಸೆಲ್ವನ್. ಅವನಿಗೆ ತಿರುಗುವ ಕುರ್ಚಿ ಇತ್ತು.

ಹೆಂಗಸರು ಒಂದು ಉಪಾಯ ಕಂಡುಕೊಂಡಿದ್ದರು. ಸೀರೆಗೆ ಚುಚ್ಚುವ ಗುಂಡುಪಿನ್ನನ್ನು ಬೇಕೆಂದೇ ಬೀಳಿಸುವುದು. ಪಿನ್ನು ನೆಲದಲ್ಲಿದ್ದರೆ ಗಿರಾಕಿಯ ಕಾಲಿಗೆ ಚುಚ್ಚುತ್ತದೆ, ಹುಡುಕಲೇಬೇಕು. ಕುಕ್ಕರಗಾಲಲ್ಲಿ ಕೂತು ಒಂದು ನಿಮಿಷ ನೆಲ ತಡವುವುದು. ಸರದಿಯ ಮೇಲೆ ಬೀಳಿಸುತ್ತಿದ್ದರು. ಒಂದು ನಿಮಿಷಕ್ಕೆ ಇಷ್ಟು ನಾಟಕ! ಹೊಟ್ಟೆ ಉರಿಯದೆ ಏನಾಗುತ್ತದೆ ಹೇಳಿ.

ಮಣಿಯ ಎಡಗಾಲಿನ ನರಗಳು ಮೂರು ವರ್ಷದ ಹಿಂದೆಯೇ ಉಬ್ಬಿ ಗಂಟುಗಂಟಾಗಿದ್ದವು. ಕಳೆದ ವರ್ಷ ಹರಡಿನ ಮೇಲೆ ಚರ್ಮ ಕಪ್ಪಾಯಿತು. ಆಮೇಲೆ ಒಡೆಯಿತು. ಗಾಯ ಮಾಗುತ್ತಲೇ ಇರಲಿಲ್ಲ. ಬೆಳಿಗ್ಗೆ ಕಟ್ಟಿದ ಬಟ್ಟೆ ಸಂಜೆಗೆ ಒದ್ದೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಗಾಯ ನೋಡಿ ಬೈದಳು. ನಿಂತೇ ಇದ್ದರೆ ಇದು ಸಾಯುವವರೆಗೂ ಮಾಗುವುದಿಲ್ಲ, ಮೂಳೆಗೆ ಇಳಿದರೆ ಕಾಲೇ ಹೋಗುತ್ತದೆ, ಗಂಟೆಗೊಮ್ಮೆಯಾದರೂ ಕೂರು ಅಂದಳು. ಮಣಿ ತಲೆಯಾಡಿಸಿ ಮುಲಾಮು ತೆಗೆದುಕೊಂಡು ಬಂದಳು. ಮತ್ತೆ ನಿಂತಳು.

ಎಲ್ಲರೂ ಕೆಲಸ ಹೋದೀತೆಂದು ಹೆದರಿ ನಿಂತಿದ್ದರು. ಮಣಿಗೆ ಇನ್ನೊಂದು ಕಟ್ಟು ಇತ್ತು. ಅದನ್ನು ಕಟ್ಟಿಕೊಂಡವಳು ಅವಳೇ.

ಮಣಿಯ ಮನೆಯಲ್ಲಿ ಆಡುವುದು ಕನ್ನಡ. ಬೀದಿಗೆ ಬಂದರೆ ತಮಿಳು. ಅವರ ಜನ ಈ ಕಂಬಂ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೋ ಯಾರಿಗೂ ಗೊತ್ತಿಲ್ಲ. ಒಕ್ಕಲು ಮಾಡಿಕೊಂಡು ಉಳಿದವರು ಉಳಿದರು, ಅಂಗಡಿ ಇಟ್ಟವರು ಮೇಲೆ ಬಂದರು. ಮೂಕಯ್ಯ ಮೇಲೆ ಬಂದವನು. ಮಣಿಯ ಗಂಡ ಶಿವಬಾಲನ್ ಇನ್ನೊಬ್ಬರ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವವನು. ಆದರೂ ಒಂದೇ ಜನ. ಕೆಲಸ ಕೇಳಲು ಹೋದ ದಿನ ಅತ್ತೆ ತಂಗಮ್ಮಾಳ್ ಜೊತೆಗೆ ಬಂದಿದ್ದಳು. ಅಂಗಡಿಯ ಗಲ್ಲಾದ ಮುಂದೆ ನಿಂತು ಮುದುಕಿ ವರಸೆ ತೆಗೆದಳು.

"ನಿಂಗಳವ್ವನೂ ನನ್ನ ಅತ್ತೇನೂ ಅಕ್ಕತಂಗೇರು. ನೀನು ನನ್ನ ಗಂಡ್ನಿಗೆ ತಮ್ಮ ಆಗ್ಬೇಕು. ಇವ್ಳು ನಿಂಗೆ ಸೊಸೆ ಆಗ್ಬೇಕು. ಸೊಸೇನ ಕೈ ಬಿಡ್ಬ್ಯಾಡ."

ಮೂಕಯ್ಯನಿಗೆ ಖುಷಿಯಾಯಿತು. ಮಣಿ ಅವನ ಕಾಲಿಗೆ ಬಿದ್ದಳು. "ಆಯ್ತು. ನಾಳಿಕ್ಕೆ ಬಾ. ಸೊಸೆ ಅಂದ್ಮೇಲೆ ಸೊಸೆ ಅಂಗೇ ಇರ್ಬೇಕು" ಅಂದ.

ಸೊಸೆ ಹಾಗೆ ಅಂದರೆ ಏನು ಎಂದು ಅವರ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಸೊಸೆಯಾದವಳು ಮಾವನ ಎದುರು ಕೂರುವುದಿಲ್ಲ. ಮಾವ ಬಂದರೆ ಎದ್ದು ನಿಲ್ಲುತ್ತಾಳೆ. ಮಾವ ಹೋಗುವವರೆಗೆ ನಿಂತಿರುತ್ತಾಳೆ. ಬಸುರಿಯಾದರೂ ಅಷ್ಟೇ, ಜ್ವರ ಬಂದರೂ ಅಷ್ಟೇ. ಮನೆಯಲ್ಲಿ ಮಾವ ದಿನಕ್ಕೆ ನಾಲ್ಕು ಸಲ ಬಂದು ಹೋದಾನು. ಅಂಗಡಿಯಲ್ಲಿ ಮೂಕಯ್ಯ ಇಡೀ ದಿನ ಇರುತ್ತಿದ್ದ. ಉಳಿದ ಹದಿಮೂರು ಜನ ಅವನನ್ನು ಮುದಲಾಳಿ, ಅಂದರೆ ಯಜಮಾನ, ಎನ್ನುತ್ತಿದ್ದರು. ಮಣಿಯೊಬ್ಬಳು ಮಾವ ಎನ್ನುತ್ತಿದ್ದಳು. ಮೊದಮೊದಲು ಅವಳಿಗೆ ಅದರಲ್ಲಿ ಹೆಮ್ಮೆಯೂ ಇತ್ತು. ಅದನ್ನು ಮುಚ್ಚಿಟ್ಟರೆ ಕಥೆಗೆ ಅರ್ಥ ಇಲ್ಲ.

ಸೀರೆ ವಿಭಾಗದಲ್ಲಿ ಮಣಿಯ ಪಕ್ಕದಲ್ಲಿ ನಿಲ್ಲುವವಳು ಪೊನ್ನುತಾಯಿ. ಊರಾಚೆಯ ಕಾಲೊನಿಯವಳು. ಬಾಯಿ ಜೋರು. ಮನೆಯಿಂದ ತಂದ ಊಟವನ್ನು ಕಾಲೊನಿಯವರು ಮೆಟ್ಟಿಲ ಕೆಳಗೆ ತಿನ್ನಬೇಕು, ಉಳಿದವರು ಗೋಡೌನಿನಲ್ಲಿ ತಿನ್ನಬೇಕು ಎಂದು ಈ ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ಹೇಳದೆಯೇ ನಡೆಯುತ್ತಿತ್ತು. ಪೊನ್ನುತಾಯಿ ಒಂದು ದಿನ ತನ್ನ ಡಬ್ಬಿ ಎತ್ತಿಕೊಂಡು ಗೋಡೌನಿಗೆ ಬಂದು ಮಣಿಯ ಪಕ್ಕ ಕೂತು ತಿಂದಳು. ಯಾರೂ ತಡೆಯಲಿಲ್ಲ. ಮರುದಿನವೂ ಬಂದಳು. ಅಲ್ಲಿಗೆ ಅದು ಮುಗಿಯಿತು. ಅಂಥವಳು.

ದಿಂಡಿಗಲ್ಲಿನಿಂದ ಸಂಘದ ಜೀವಾ ಬಂದಾಗ ಮೊದಲು ಹೆಸರು ಬರೆಸಿದವಳೂ ಅವಳೇ. ಜೀವಾ ಐವತ್ತರ ಹೆಂಗಸು, ಹಿಂದೆ ನೂಲಿನ ಗಿರಣಿಯಲ್ಲಿ ದುಡಿದವಳು. ಭಾನುವಾರ ಬಸ್ ಸ್ಟ್ಯಾಂಡಿನ ಹಿಂದಿನ ಬೇವಿನ ಮರದಡಿ ಅಂಗಡಿ ಹೆಂಗಸರನ್ನು ಸೇರಿಸುತ್ತಿದ್ದಳು. ಭಾನುವಾರ ಎಂಬ ರಜೆ ಎಲ್ಲಿಂದ ಬಂತು, ಹೆರಿಗೆಯ ರಜೆ ಎಲ್ಲಿಂದ ಬಂತು ಎಂದು ಹೇಳುತ್ತಿದ್ದಳು. ಪೊನ್ನುತಾಯಿಯ ಸಹಿಯೊಂದಿಗೆ ಕಾರ್ಮಿಕ ಇಲಾಖೆಗೆ ಅರ್ಜಿ ಹೋಯಿತು. ಸ್ಟೂಲಿನ ಮೇಲೆ ಬೊಂಬೆ ಕೂರಿಸಿದ್ದಾರೆ, ಬಂದು ನೋಡಿ ಎಂದು.

ಅಧಿಕಾರಿ ಬಂದದ್ದು ಆಡಿ ತಿಂಗಳ, ಅಂದರೆ ಆಷಾಢದ, ಒಂದು ಮಧ್ಯಾಹ್ನ. ಅವನು ಬರುವ ಅರ್ಧ ಗಂಟೆ ಮೊದಲೇ ಬೊಂಬೆಗಳೆಲ್ಲ ಗೋಡೌನಿಗೆ ಹೋದವು. ಸ್ಟೂಲು ಒರೆಸಿ ಇಟ್ಟರು. ಅಧಿಕಾರಿ ಮೇಲೆ ಬಂದು ಸ್ಟೂಲು ನೋಡಿದ. ನಿಂತ ಹೆಂಗಸರನ್ನು ನೋಡಿದ.

"ಕೂರಕ್ಕೆ ಬಿಡ್ತಾರಾ?" ಎಂದು ತಮಿಳಿನಲ್ಲಿ ಕೇಳಿದ.

ಪೊನ್ನುತಾಯಿ ಬಾಯಿ ತೆರೆಯುವಷ್ಟರಲ್ಲಿ ಮೂಕಯ್ಯ ನಕ್ಕ. "ಸಾರ್, ನಾನು ಕೂರಿ ಕೂರಿ ಅಂತ ಬಡ್ಕೋತೀನಿ. ಇವ್ರು ಕೂರಲ್ಲ. ಮರ್ಯಾದೆ ಸಾರ್. ಬೇಕಾದ್ರೆ ನೋಡಿ. ಇವ್ಳು ನನ್ನ ಸ್ವಂತ ಸೊಸೆ ಸಾರ್. ನನ್ನ ಮನೆ ಹೆಣ್ಣು." ಆಮೇಲೆ ಮಣಿಯ ಕಡೆ ತಿರುಗಿ, ಅಧಿಕಾರಿಗೆ ತಿಳಿಯದ ಮಾತಿನಲ್ಲಿ, ಬಲು ಪ್ರೀತಿಯಿಂದ ಹೇಳಿದ.

"ಕೂತ್ಕೊ ಮಣಿ. ಮಾವನ ಎದ್ರು ಕೂತ್ಕೊ. ನಾಳಿಕ್ಕೆ ನಿಂಗಳಟ್ಟಿ ಬಾಗ್ಲಿಗೆ ಬಂದು ತಂಗಮ್ಮಾಳ್‌ನ ಕೇಳ್ತೀನಿ, ಸೊಸೇನ ಚೆಂದಾಗಿ ಬೆಳ್ಸಿದ್ದೀಯ ಅಂತ."

ಸ್ಟೂಲು ಅವಳ ಮೊಣಕಾಲಿಗೆ ತಾಗುತ್ತಿತ್ತು. ಕಾಲಿನ ಗಾಯ ಪಟಪಟ ಹೊಡೆದುಕೊಳ್ಳುತ್ತಿತ್ತು. ಎಲ್ಲ ಮಹಡಿಯಿಂದ ಬಂದು ಸೇರಿದ್ದ ಹದಿಮೂರು ಜನ ಅವಳನ್ನೇ ನೋಡುತ್ತಿದ್ದರು. ಕೂತರೆ ಆಯಿತು, ಅಷ್ಟೇ. ಸೊಂಟ ಬಗ್ಗಲಿಲ್ಲ. ಮದುವೆಯಾಗಿ ಬಂದ ದಿನದಿಂದ ಮಾವಂದಿರ ಎದುರು ಕೂರಲು ಒಮ್ಮೆಯೂ ಬಗ್ಗದ ಸೊಂಟ ಅದು.

"ಬ್ಯಾಡ ಮಾವ" ಅಂದಳು.

"ನೋಡಿದ್ರಾ ಸಾರ್?" ಅಂದ ಮೂಕಯ್ಯ.

ಅಧಿಕಾರಿಯೂ ನಕ್ಕ. ಇಂಥ ಮರ್ಯಾದೆ ಈ ಕಾಲದಲ್ಲಿ ಎಲ್ಲಿದೆ ಎಂದ. ಆಸನಗಳು ಇವೆ ಎಂದು ಬರೆದುಕೊಂಡ. ಎಳನೀರು ಕುಡಿದು ಹೋದ. ಜೀಪು ತಿರುವು ದಾಟುವ ಮೊದಲೇ ಬೊಂಬೆಗಳು ವಾಪಸು ಬಂದು ಕೂತವು.

ಪೊನ್ನುತಾಯಿ ಸೀರೆ ಮಡಿಸುತ್ತಾ, ತಲೆ ಎತ್ತದೆ ಹೇಳಿದಳು. "ನೀನು ನಿಂತ್ಕೋ ಮಣಿಯಕ್ಕಾ. ನಿನ್ನ ಕಾಲು, ನಿನ್ನ ಮಾವ. ನಮ್ಮನ್ನ ಯಾಕೆ ನಿಲ್ಲಿಸ್ದೆ?"

ಮಣಿಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಆ ದಿನ ಅವಳು ಪಿನ್ನು ಬೀಳಿಸಲಿಲ್ಲ.

ನಾಲ್ಕು ದಿನ ಬಿಟ್ಟು ಪೊನ್ನುತಾಯಿ ಬೊಂಬೆಯೊಂದನ್ನು ಎತ್ತಿ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತಳು. ಗಿರಾಕಿ ಇರಲಿಲ್ಲ. ತಮಿಳ್‌ಸೆಲ್ವನ್ ಕ್ಯಾಮೆರಾದಲ್ಲಿ ನೋಡಿ ಮೂಕಯ್ಯನಿಗೆ ಹೇಳಿದ. ಮೂಕಯ್ಯ ತಾನೇ ಮೆಟ್ಟಿಲು ಹತ್ತಿ ಬಂದು ತಮಿಳಿನಲ್ಲಿ ಗದರಿದ.

"ನನ್ನ ಸೊಸೆನೇ ನಿಂತವ್ಳೆ. ನೀನು ಯಾವ ಊರ ರಾಣಿ ಕೂರಕ್ಕೆ? ಸ್ಟೂಲು ಕಂಡ್ರೆ ಸಾಕು, ಕಾಲೊನಿಯವ್ರಿಗೆ ಸಿಂಹಾಸನ."

ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಸಂಘ ಬರುತ್ತದೆ. ಗೋಡೌನಿಗೆ ಹಾಕಿದ. ನೆಲಮಾಳಿಗೆಯ ಗೋಡೌನಿನಿಂದ ಮೂರನೇ ಮಹಡಿಗೆ ಬಟ್ಟೆಯ ಮೂಟೆ ಹೊರುವ ಕೆಲಸ. ಲಿಫ್ಟು ಗಿರಾಕಿಗಳಿಗೆ. ಪೊನ್ನುತಾಯಿ ಮೂಟೆಯನ್ನು ಬೆನ್ನಿಗೆ ಹಾಕಿಕೊಂಡು, ತುದಿಯನ್ನು ಹಣೆಗೆ ಒತ್ತಿ ಹಿಡಿದು, ಅರವತ್ತೆರಡು ಮೆಟ್ಟಿಲು ಹತ್ತುತ್ತಿದ್ದಳು. ಹತ್ತುವಾಗ ಮೊದಲ ಮಹಡಿಯ ತಿರುವಿನಲ್ಲಿ ಮಣಿಯ ಎದುರಿಗೆ ಬರುತ್ತಿದ್ದಳು. ನೋಡುತ್ತಿರಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ಯಾರಾದರೂ ದಣಿವಾಯಿತು ಎಂದರೆ ಸಾಕು, ತಮಿಳ್‌ಸೆಲ್ವನ್ ಮಣಿಯ ಕಡೆ ಬೆರಳು ತೋರಿಸುತ್ತಿದ್ದ. ಅವಳನ್ನ ನೋಡಿ ಕಲೀರಿ ಎನ್ನುತ್ತಿದ್ದ.

ಮನೆಯಲ್ಲಿ ಮಣಿ ಅತ್ತೆಯ ಹತ್ತಿರ ಬಾಯಿ ಬಿಟ್ಟಳು. ಭಾನುವಾರ ಬೆಳಿಗ್ಗೆ. ತಂಗಮ್ಮಾಳ್ ಬಾಗಿಲ ಬಳಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಅತ್ತೆ, ನಾ ಅಂಗ್ಡೀಲಿ ಕೂತ್ಕತೀನಿ. ಕಾಲು ಕೊಳೀತಾ ಅದೆ."

"ಮೂಕಯ್ಯ ಇಲ್ದಾಗ ಕೂತ್ಕ."

"ಅವ್ರು ಯಾವಾಗ ಇರಾಕಿಲ್ಲ?"

ತಂಗಮ್ಮಾಳ್ ಸಂಘ ಅರಿಯದವಳೇನಲ್ಲ. ಇಪ್ಪತ್ತು ವರ್ಷ ಘಟ್ಟ ಹತ್ತಿ ಕೇರಳದ ಏಲಕ್ಕಿ ತೋಟದಲ್ಲಿ ದುಡಿದವಳು. ಮೊದಲ ಎರಡು ಕೂಸು ತೋಟದ ಕೂಲಿಯವರ ಲೈನ್ ಮನೆಯಲ್ಲೇ ಸತ್ತವು. ಹೆತ್ತ ಹತ್ತನೇ ದಿನಕ್ಕೆ ಕೆಲಸಕ್ಕೆ ಹೋಗಬೇಕಿತ್ತು, ಕೂಸಿಗೆ ಹಾಲು ಕೊಡುವವರಿರಲಿಲ್ಲ. ಆಮೇಲೆ ಕೆಂಬಾವುಟದವರು ಬಂದರು. ಮುಷ್ಕರದಿಂದ ತೋಟದ ಕೆಲಸ ನಿಂತಿತು. ಹೆರಿಗೆ ರಜೆ ಬಂತು, ಕೂಸು ನೋಡಿಕೊಳ್ಳಲು ಒಂದು ಮನೆ, ಒಬ್ಬ ಆಯಾ ಬಂದರು. ಮೂರನೆಯದು ಉಳಿಯಿತು. ಅದೇ ಶಿವಬಾಲನ್. ಈಗಲೂ ಮೇ ಒಂದನೇ ತಾರೀಕು ತಂಗಮ್ಮಾಳ್ ಎಣ್ಣೆನೀರು ಹಾಕಿಕೊಂಡು ಪಾಯಸ ಮಾಡುತ್ತಾಳೆ. ದೀಪಾವಳಿಗೂ ಅಷ್ಟು ಶ್ರದ್ಧೆ ಇಲ್ಲ.

"ನೀನು ತೋಟದ ಮುದಲಾಳಿ ಕಾರ್ ಮುಂದೆ ಮಲಗ್ದೆ ಅಂತೀಯಲ್ಲ" ಅಂದಳು ಮಣಿ. "ನಾನು ಒಂದ್ ಸ್ಟೂಲ್ ಮ್ಯಾಲೆ ಕೂರ್ಬಾರ್ದಾ?"

"ಅವ್ನು ಮಲಯಾಳಿ ಕಣವ್ವ. ನಂಗೆ ಯಾನೂ ಆಗ್ಬೇಕಿರ್ಲಿಲ್ಲ. ಬೈದೊ, ಕಲ್ಲು ಹೊಡ್ದೊ. ಮೂಕಯ್ಯ ಅಂಗಾ? ನಾಳಿಕ್ಕೆ ನಾನು ಸತ್ರೆ ಎಣಕ್ಕೆ ಹೆಗ್ಲು ಕೊಡೋರು ಯಾರು? ನಿನ್ ಮಗ್ಳು ಕಾರ್ತಿಕಾಗೆ ಗಂಡು ನೋಡ್ವಾಗ ಮುಂದೆ ನಿಲ್ಲೋರು ಯಾರು? ಜನ ನಮ್ಮನ್ನ ಮೂಲೆಗೆ ತಳ್ಬಿಡ್ತಾರೆ."

"ನಿನ್ನಿಂದ್ಲೇ ಆಗಿದ್ದು. ನೀನ್ಯಾಕೆ ವರ್ಸೆ ತೆಗ್ದೆ? ಕೂಲಿಯೋಳು ಅಂತ ಹೇಳಿದ್ರೆ ಸಾಕಾಗಿತ್ತು."

ತಂಗಮ್ಮಾಳ್ ಬಿಡಿಸಿದ ಕಾಳನ್ನೇ ಮತ್ತೆ ಬಿಡಿಸತೊಡಗಿದಳು. ಕಣ್ಣಲ್ಲಿ ನೀರು ಬಂತು. "ವರ್ಸೆ ಹೇಳಿದ್ರೆ ನಿಂಗೆ ಒಳ್ಳೇದಾಯ್ತದೆ ಅಂದ್ಕಂಡೆ. ಗೊತ್ತಾಗ್ಲಿಲ್ಲ ಬುಡು" ಅಂದಳು. ಮಣಿಗೆ ಅವಳ ಮೇಲೂ ಕೋಪ ಬಂತು, ತನ್ನ ಮೇಲೂ ಬಂತು. ಎರಡನ್ನೂ ನುಂಗಿಕೊಂಡು ಗಾಯಕ್ಕೆ ಬಟ್ಟೆ ಕಟ್ಟಿದಳು.

ದೀಪಾವಳಿಗೆ ಆರು ದಿನ ಇತ್ತು. ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕಣಿವೆಯ ಊರುಗಳೆಲ್ಲ ಬಟ್ಟೆಗೆ ಬಂದು ಇಳಿದಿದ್ದವು. ಹೆಂಗಸರು ಬೆಳಿಗ್ಗೆ ಒಂಬತ್ತರಿಂದ ನಿಂತಿದ್ದರು. ಉಚ್ಚೆಗೂ ಹೋಗಿರಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಮೆಟ್ಟಿಲ ಕಡೆಯಿಂದ ದಢದಢ ಸದ್ದಾಯಿತು.

ಪೊನ್ನುತಾಯಿ ಮೂಟೆಯ ಸಮೇತ ಉರುಳಿದ್ದಳು. ಎರಡನೇ ಮಹಡಿಯಿಂದ ಮೊದಲ ಮಹಡಿಯ ತಿರುವಿನವರೆಗೆ. ಹಣೆ ಒಡೆದಿತ್ತು. ಬಲಗೈ ಮಣಿಕಟ್ಟು ಆಡಬಾರದ ಕಡೆ ತಿರುಗಿತ್ತು. ಮಣಿ ಕೈಯಲ್ಲಿದ್ದ ಸೀರೆ ಬಿಸಾಡಿ ಓಡಿದಳು. ಕಂಕುಳಿಗೆ ಕೈ ಕೊಟ್ಟು ಎತ್ತಿ, ಹತ್ತಿರದ ಬೊಂಬೆಯನ್ನು ಕಾಲಿನಿಂದ ಒದ್ದು ಬೀಳಿಸಿ, ಸ್ಟೂಲಿನ ಮೇಲೆ ಕೂರಿಸಿದಳು.

ಮೂಕಯ್ಯ ಬಂದ, ಹಿಂದೆ ತಮಿಳ್‌ಸೆಲ್ವನ್. ಸುತ್ತಲೂ ಗಿರಾಕಿಗಳು. ಅವನು ದನಿ ಎತ್ತಲಿಲ್ಲ. ಕನ್ನಡದಲ್ಲಿ, ಮಣಿಯೊಬ್ಬಳಿಗೆ ಹೇಳಿದ.

"ಎಬ್ಬಿಸು ಅವ್ಳನ್ನ. ಗೋಡೌನಿಗೆ ಕರ್ಕಂಡೋಗು. ಗಿರಾಕಿ ರಕ್ತ ನೋಡ್ತಾ ಅವ್ರೆ."

"ಕೈ ಮುರ್ದದೆ ಮಾವ."

"ಎಬ್ಬಿಸು ಅಂದೆ. ಅವ್ರನ್ನೆಲ್ಲ ಕೂರ್ಸಿದ್ರೆ ಆಮೇಲೆ ಏಳಾಕಿಲ್ಲ. ನೀನು ನಮ್ಮೋಳು. ಯೋಳಿದ್ದು ಮಾಡು."

ಪೊನ್ನುತಾಯಿಗೆ ಆ ಭಾಷೆ ಬರುವುದಿಲ್ಲ. ಮುಖ ನೋಡಿಯೇ ತಿಳಿಯಿತು. ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ತಾನೇ ಏಳಲು ಹೊರಟಳು. ಎದ್ದಳು ಕೂಡ, ಅರ್ಧ. ಆ ಅರ್ಧ ಎದ್ದದ್ದನ್ನು ಮಣಿಗೆ ನೋಡಲಾಗಲಿಲ್ಲ. ಅವಳ ಹೆಗಲು ಹಿಡಿದು ಒತ್ತಿ ಮತ್ತೆ ಕೂರಿಸಿದಳು. ಪಕ್ಕದ ಸ್ಟೂಲಿನ ಬೊಂಬೆಯನ್ನು ಎತ್ತಿ ನೆಲಕ್ಕಿಟ್ಟಳು. ಸ್ಟೂಲನ್ನು ಎಳೆದಳು. ಮೂಕಯ್ಯನಿಗೆ ಎದುರಾಗಿ ಕೂತಳು.

ಸೊಂಟ ಬಗ್ಗಿತು. ಅಷ್ಟೇ. ಸೊಂಟ ಅಂದರೆ ಬಗ್ಗುವುದೇ.

"ಮಣಿ" ಅಂದ ಮೂಕಯ್ಯ. ಮುಖ ಕಪ್ಪಿಟ್ಟಿತು. "ಮಾವನ ಎದ್ರಿಗೆ ಕೂತಿದ್ದೀಯ."

ಮಣಿ ತಮಿಳಿಗೆ ತಿರುಗಿದಳು. ಏಳು ವರ್ಷದಲ್ಲಿ ಅವನ ಜೊತೆ ಒಮ್ಮೆಯೂ ಆಡದ ತಮಿಳು. ಪೊನ್ನುತಾಯಿಗೆ ಕೇಳಬೇಕು, ಹನ್ನೆರಡು ಜನಕ್ಕೆ ಕೇಳಬೇಕು, ಗಿರಾಕಿಗಳಿಗೂ ಕೇಳಬೇಕು ಎಂದು ಗಟ್ಟಿಯಾಗಿ ಹೇಳಿದಳು.

"ನೀಂಗ ಎನಕ್ಕು ಮಾಮಾ ಇಲ್ಲೆ. ಮಾವ ಅಲ್ಲ ನೀವು. ಮುದಲಾಳಿ. ನೀವು ಮುದಲಾಳಿ, ನಾನು ಕೂಲಿಯವಳು. ಕೂರಬಹುದು ಅಂತ ಕಾನೂನು ಹೇಳ್ತದೆ. ಕೂತಿದ್ದೀನಿ. ಆಟೋ ಕರೆಸಿ."

ಯಾರೋ ಗಿರಾಕಿ ಅಯ್ಯೋ ಪಾಪ ಎಂದಳು. ಇನ್ನಾರೋ ಮೊಬೈಲು ಎತ್ತಿದರು. ಸದ್ದಿಗೆ ಓಡಿ ಬಂದಿದ್ದ ಉಳಿದ ಹನ್ನೆರಡು ಹೆಂಗಸರು ನಿಂತಲ್ಲೇ ನಿಂತಿದ್ದರು. ಒಬ್ಬರೂ ಕೂರಲಿಲ್ಲ. ವಳ್ಳಿ ಎಂಬವಳು ಒಂದು ಹೆಜ್ಜೆ ಮುಂದಿಟ್ಟು ತಮಿಳ್‌ಸೆಲ್ವನ್‌ನ ಮುಖ ನೋಡಿ ಹಿಂದಿಟ್ಟಳು. ಮಣಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ನಿನ್ನೆಯವರೆಗೆ ಅವರನ್ನು ನಿಲ್ಲಿಸಿದವಳು ತಾನೇ.

ಮೂಕಯ್ಯ ಬಗ್ಗಿ ಅವಳ ಕಿವಿಯ ಹತ್ತಿರ ಕನ್ನಡದಲ್ಲೇ ಹೇಳಿದ. "ನಾಳಿಕ್ಕೆ ಬರ್ಬ್ಯಾಡ. ನಿಂಗಳಟ್ಟಿಗೆ ನಮ್ಮ ಜನ ಒಬ್ಬ ಕಾಲಿಟ್ರೆ ಕೇಳು. ನಿನ್ ಮಗ್ಳನ್ನ ಯಾವನು ಕಟ್ಕತಾನೋ ನೋಡ್ತೀನಿ."

ಆಟೋ ಅವನು ಕರೆಸಲಿಲ್ಲ. ಗಿರಾಕಿಯ ಗಂಡನೊಬ್ಬ ಕರೆಸಿದ. ಆಸ್ಪತ್ರೆಯಲ್ಲಿ ಪೊನ್ನುತಾಯಿಯ ಕೈಗೆ ಪಟ್ಟಿ ಹಾಕಿದರು, ಹಣೆಗೆ ಆರು ಹೊಲಿಗೆ. ಮಣಿ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಕೂತೇ ಇದ್ದಳು. ಪೊನ್ನುತಾಯಿ ನೋವಿನಲ್ಲೂ ಅವಳನ್ನು ನೋಡಿ, "ಇಷ್ಟು ದಿನ ಬೇಕಾಯ್ತಾ ನಿಂಗೆ?" ಅಂದಳು. "ಬೇಕಾಯ್ತು ಕಣೇ" ಅಂದಳು ಮಣಿ. ಇಬ್ಬರಿಗೂ ಅಳು ಬಂತು. ಅತ್ತರು.

ಅಲ್ಲಿಂದಲೇ ಜೀವಾಳಿಗೆ ಫೋನು ಮಾಡಿದಳು. ಜೀವಾ ಎಲ್ಲ ಕೇಳಿಸಿಕೊಂಡಳು.

"ಕೆಲಸದಿಂದ ತೆಗೆದಿದ್ದೀನಿ ಅಂತ ಬರ್ದು ಕೊಟ್ನಾ?"

"ಇಲ್ಲ. ಬಾಯಲ್ಲಿ ಹೇಳ್ದ."

"ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಬರ್ದು ಕೊಡೋವರೆಗೆ ನೀನು ಅಲ್ಲಿ ಕೆಲಸಗಾರ್ತಿ. ಕಾರಣಾನೂ ಬರೀಬೇಕು ಅವನು. ಕೂತಿದ್ದಕ್ಕೆ ತೆಗೆದೆ ಅಂತ ಬರೆದ್ರೆ ಅವನೇ ಕಾನೂನಿಗೆ ಸಿಕ್ಕಿಬೀಳ್ತಾನೆ. ನಾಳೆ ಒಂಬತ್ತಕ್ಕೆ ಹೋಗು. ಒಳಗೆ ಬಿಡದಿದ್ರೆ ಬಾಗಿಲಲ್ಲೇ ಇರು. ನಾನು ದಿಂಡಿಗಲ್ ಬಿಟ್ಟು ಬರೋದು ಮಧ್ಯಾಹ್ನ ಆಗ್ತದೆ. ಅಲ್ಲಿವರೆಗೆ ಒಬ್ಬಳೇ. ಆಗ್ತದಾ?"

"ಗೊತ್ತಿಲ್ಲ" ಅಂದಳು ಮಣಿ. ಅದು ನಿಜ.

ಸಂಜೆ ಮನೆಗೆ ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲು ಬಂದಿತ್ತು. ಮೂಕಯ್ಯನ ಕಡೆಯ ಇಬ್ಬರು ಹಿರಿಯರು ಜಗಲಿಯ ಮೇಲೆ ಕೂತಿದ್ದರು. ಶಿವಬಾಲನ್ ತಲೆ ತಗ್ಗಿಸಿ ಕಂಬಕ್ಕೆ ಒರಗಿ ನಿಂತಿದ್ದ, ಕೈಯಲ್ಲಿ ಇನ್ನೂ ಔಷಧಿಯ ವಾಸನೆ. ಮಣಿ ಹೋಗಿ ಮೂಕಯ್ಯನ ಕಾಲಿಗೆ ಬಿದ್ದು ಬರಬೇಕು, ಇಲ್ಲದಿದ್ದರೆ ದೀಪಾವಳಿಗೆ ಈ ಮನೆಗೆ ಯಾರೂ ಬರುವುದಿಲ್ಲ, ಈ ಮನೆಯವರನ್ನು ಯಾರೂ ಕರೆಯುವುದಿಲ್ಲ ಎಂದರು. ಶಿವಬಾಲನ್ ಹೆಂಡತಿಯ ಮುಖ ನೋಡಿದ. "ಬಿದ್ಬಿಡು ಮಣಿ. ಒಂದ್ ಸಲ ತಾನೆ" ಅಂದ. ತಂಗಮ್ಮಾಳ್ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಊಟಕ್ಕೂ ಏಳಲಿಲ್ಲ. ಮಣಿ ರಕ್ತ ಹತ್ತಿದ ಅಂಗಡಿಯ ಸೀರೆ ಒಗೆದು ಒಣಹಾಕಿದಳು. ಹೆದರಿಕೆಯಾಗಿತ್ತು.

ಬೆಳಿಗ್ಗೆ ಅವಳು ಗಾಯಕ್ಕೆ ಹೊಸ ಬಟ್ಟೆ ಕಟ್ಟಿ, ಅಂಗಡಿಯ ಕಂದುಬಣ್ಣದ ಯೂನಿಫಾರಂ ಸೀರೆ ಉಟ್ಟು ಹೊರಟಳು.

ಒಂಬತ್ತಕ್ಕೆ ಐದು ನಿಮಿಷ ಇತ್ತು. ತಮಿಳ್‌ಸೆಲ್ವನ್ ಬಾಗಿಲಲ್ಲಿ ಕೈ ಅಡ್ಡ ಇಟ್ಟ. ನಿನಗೆ ಒಳಗೆ ಕೆಲಸ ಇಲ್ಲ ಎಂದ. ಆಗಲಿ ಎಂದು ಅವಳು ಮೆಟ್ಟಿಲ ಮೇಲೆ, ನಟ್ಟನಡುವೆ ಕೂತಳು. ಉಳಿದ ಹೆಂಗಸರು ಬಂದರು. ಮೆಟ್ಟಿಲು ಅಗಲ ಇರಲಿಲ್ಲ. ಅವಳ ಮೈಗೆ ತಾಗಿಕೊಂಡೇ ಒಳಗೆ ಹೋಗಬೇಕಿತ್ತು. ಒಬ್ಬೊಬ್ಬರಾಗಿ ಹೋದರು. ವಳ್ಳಿ ದಾಟುವಾಗ ಅವಳ ಹೆಗಲು ಮುಟ್ಟಿದಳು. ಒಳಗೆ ಹೋಗಿ ನಿಂತಳು. ಗಾಜಿನಾಚೆ ಹನ್ನೆರಡು ಜನ ನಿಂತದ್ದು ಕಾಣುತ್ತಿತ್ತು. ಒಳಗೆ ಒಂದು ಸ್ಟೂಲೂ ಇರಲಿಲ್ಲ. ಮೂಕಯ್ಯ ರಾತ್ರಿಯೇ ಎಲ್ಲವನ್ನೂ ತೆಗೆಸಿದ್ದ.

ಒಂಬತ್ತೂವರೆಗೆ ಮೂಕಯ್ಯನ ಕಾರು ಬಂತು. ಅವನು ಇಳಿದ. ಬಿಳಿ ಪಂಚೆ, ಬಿಳಿ ಅಂಗಿ, ಹಣೆಗೆ ವಿಭೂತಿ. ಮೊದಲ ಮೆಟ್ಟಿಲ ಹತ್ತಿರ ಬಂದು ನಿಂತ. ಮಾವ ಎದುರಿಗೆ ಬಂದಾಗ ಏಳಬೇಕು. ಮಣಿಯ ಕಾಲಿನ ಸ್ನಾಯುಗಳು ತಾವಾಗಿಯೇ ಬಿಗಿದುಕೊಂಡವು. ಅವಳು ಎರಡು ಕೈಯಿಂದಲೂ ಮೊಣಕಾಲುಗಳನ್ನು ಅದುಮಿ ಹಿಡಿದಳು. ಹಬ್ಬದ ಗಿರಾಕಿಗಳು ಸೇರತೊಡಗಿದ್ದರು. ಪಕ್ಕದ ಪಾತ್ರೆ ಅಂಗಡಿಯ, ಎದುರಿನ ಚಪ್ಪಲಿ ಅಂಗಡಿಯ ಹೆಂಗಸರು ಬಾಗಿಲಿಗೆ ಬಂದು ನೋಡುತ್ತಿದ್ದರು.

"ಕಾಲಿಗೆ ಬೀಳಾಕೆ ಬಂದ್ಯಾ?" ಅಂದ ಕನ್ನಡದಲ್ಲಿ.

"ಕೆಲಸಕ್ಕೆ ಬಂದೆ" ಅಂದಳು ತಮಿಳಿನಲ್ಲಿ.

"ನಿಂಗೆ ಕೆಲ್ಸ ಇಲ್ಲ. ಎದ್ದು ದಾರಿ ಬುಡು."

"ಏಳ್ತೀನಿ ಮುದಲಾಳಿ. ಕೆಲಸದಿಂದ ತೆಗೆದಿದ್ದೀನಿ ಅಂತ ಬರ್ದು ಕೊಡಿ. ಕಾಗದ ಕೈಗೆ ಬಂದ ತಕ್ಷಣ ಎದ್ದು ಹೋಗ್ತೀನಿ."

"ಬರ್ದು ಕೊಡ್ತೀನಿ. ಅದಕ್ಕೇನು?" ಅಂದ. ಕೋಪದಲ್ಲಿ ಅವನೂ ತಮಿಳಿಗೆ ಬಂದಿದ್ದ. ತಮಿಳ್‌ಸೆಲ್ವನ್ ಅಂಗಡಿಯ ಹೆಸರಿದ್ದ ಕಾಗದ, ಪೆನ್ನು ತಂದುಕೊಟ್ಟ. ಮೂಕಯ್ಯ ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಎರಡು ಸಾಲು ಬರೆದ.

"ಕಾರಣ ಬರೀಬೇಕು" ಅಂದಳು ಮಣಿ. "ಬಟ್ಟೆ ಕದ್ದಿಲ್ಲ. ಗಿರಾಕಿಯನ್ನ ಬೈದಿಲ್ಲ. ಹೇಳಿದ ಕೆಲಸಕ್ಕೆ ಒಮ್ಮೆಯೂ ಆಗಲ್ಲ ಅಂದಿಲ್ಲ ಏಳು ವರ್ಷ. ಏನಂತ ಬರೀತೀರಿ? ಸ್ಟೂಲಿನ ಮೇಲೆ ಕೂತ್ಲು, ಅದಕ್ಕೆ ತೆಗೆದೆ ಅಂತ ಬರೀರಿ. ಸಹಿ ಹಾಕಿ, ಮೊಹರು ಒತ್ತಿ. ಬರೀರಿ ಮುದಲಾಳಿ. ನಾನು ಕೂತಿರ್ತೀನಿ."

ಮೂಕಯ್ಯನ ಪೆನ್ನು ಕಾಗದದ ಮೇಲೆ ನಿಂತಿತು. ಗಿರಾಕಿಗಳು ಕಾಯುತ್ತಿದ್ದರು. ತಮಿಳ್‌ಸೆಲ್ವನ್ ಹತ್ತಿರ ಬಂದು ಮುದಲಾಳಿಯ ಕಿವಿಯಲ್ಲಿ ಏನೋ ಹೇಳಿದ. ಮೂಕಯ್ಯ ಅವನನ್ನು ಬೈದು ದೂರ ಕಳಿಸಿದ. ಮತ್ತೆ ಕಾಗದ ನೋಡಿದ. ಜೀವಾ ಬರುವ ಮಧ್ಯಾಹ್ನಕ್ಕೆ ಇನ್ನೂ ಬಹಳ ಹೊತ್ತಿತ್ತು, ಬಿಸಿಲು ಏರುತ್ತಿತ್ತು, ಮಣಿಯ ಕಾಲಿಗೆ ಕಟ್ಟಿದ ಬಟ್ಟೆ ಒದ್ದೆಯಾಗತೊಡಗಿತ್ತು. ಅವನು ಬರೆಯಲಿಲ್ಲ. ಅವಳು ಏಳಲಿಲ್ಲ.